ಮೊಹರಿನ ಗಣಪ

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷ, ದೀಪಾವಳಿ ಕಳೆದ ಮೇಲಿನ ಒಂದು ಶುಕ್ರವಾರ, ಸಾಲೆ ಬಿಟ್ಟ ಮೇಲೆ ನಾನು ಗಜೇಂದ್ರಗಡದ ನೇಕಾರರ ಓಣಿಯ ಒಂದು ಮನೆಯಲ್ಲಿ, ಹೊಸ್ತಿಲು ದಾಟಿ ಒಂದೇ ಹೆಜ್ಜೆ ಒಳಗೆ ನಿಂತಿದ್ದೆ. ನನ್ನ ಎಡಕ್ಕೆ ಮಗ್ಗ ಮತ್ತು ನೇಯುವವರು ಕಾಲಿಳಿಸಿ ಕೂರುವ ಅದರ ಕುಣಿ. ಬಲಕ್ಕೆ ಗೋಡೆಗೆ ಹೊಂದಿಸಿದ ಹಲಗೆ. ಹಲಗೆಯ ಮೇಲಿಂದ ಕೆಳಗಿಳಿಸಿದ ರೇಡಿಯೋದ ಮುಂದೆ, ಗದಗಿನ ಅಂಗಡಿಯಿಂದ ಬಂದ ಮೆಕ್ಯಾನಿಕ್ ಕುಳಿತಿದ್ದ. ನನಗೂ ಮಗ್ಗಕ್ಕೂ ನಡುವೆ ಯಾರೂ ಇರಲಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈಚೆಗೆ ಒಂದು ಮದುವೆಯ ಊಟದಲ್ಲಿ ನನ್ನ ಪಕ್ಕ ಕುಳಿತವರೊಬ್ಬರು ಅಂದಿನ ಸಂಗತಿಯನ್ನು ನಗೆಯ ಮಾತಾಗಿ ಹೇಳಿದರು. ಅವರು ಹೇಳಿದ್ದರಲ್ಲಿ ಮುದುಕಿ ಇದ್ದಳು, ಗಣಪ ಇದ್ದ. ಕತ್ತರಿ ಇರಲಿಲ್ಲ. ಕತ್ತರಿ ಇತ್ತು. ನಾನು ನೋಡಿದ್ದೇನೆ.

ರೇಡಿಯೋ ಆ ಮನೆಯದಲ್ಲ. ಓಣಿಯವರೆಲ್ಲ ವಂತಿಗೆ ಕೂಡಿಸಿ ತಂದದ್ದು. ನಾನು ನರೇಗಲ್ಲಿನವನು, ಅಲ್ಲಿಯ ಸಾಲೆಗೆ ಮಾಸ್ತರನಾಗಿ ಬಂದು ಅದೇ ಓಣಿಯಲ್ಲಿ ಬಾಡಿಗೆಗಿದ್ದೆ. ನನ್ನದೂ ಒಂದು ಪಾಲಿತ್ತು. ವಿಲಾಯತಿ ಸೆಟ್ಟು, ತೇಗದ ಪೆಟ್ಟಿಗೆ. ಆಗ ಓಣಿಗೆ ಕರೆಂಟು ಬಂದಿರಲಿಲ್ಲ, ಹೊರಗೆ ಇಟ್ಟು ತಂತಿ ಸಿಕ್ಕಿಸುವ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ತಂಬೂರಿಯ ಶ್ರುತಿ ಹಿಡಿದರೆ ಹಲಗೆಯ ಮೇಲಿನ ಹಿತ್ತಾಳೆಯ ತಂಬಿಗೆಯೂ ಸಣ್ಣಗೆ ಗುಂಯ್‌ಗುಡುತ್ತಿತ್ತು. ಸಂಜೆಯ ಹಾಡಿಕೆಗೆ ಮಗ್ಗ ನಿಲ್ಲಿಸಿ ಬಂದು ಕೂತವರು, ಅಂಥ ಪೆಟ್ಟಿಗೆ ರೋಣದಲ್ಲಿ ಮಾಮಲೇದಾರರ ಮನೆಯಲ್ಲಿಯೂ ಇಲ್ಲ ಎನ್ನುತ್ತಿದ್ದರು. ಖರೆಯೋ ಸುಳ್ಳೋ, ನಾನು ಮಾಮಲೇದಾರರ ಮನೆ ನೋಡಿದವನಲ್ಲ.

ಕೊಳ್ಳುವಾಗ ಅಂಗಡಿಯವರು ಪೆಟ್ಟಿಗೆಯನ್ನು ಹಿಂದುಮುಂದಾಗಿ ತಿರುಗಿಸಿ ತೋರಿಸಿದ್ದರು. ಹಿಂದಿನ ಹಲಗೆಯ ತಿರುಪಿನ ಮೇಲೆ ಕೆಂಪು ಅರಗು ಕರಗಿಸಿ ಬಿಟ್ಟು ಅಂಗಡಿಯ ಮೊಹರು ಒತ್ತಿದ್ದರು. ನಡುವೆ ಆನೆ, ಸುತ್ತ ಅಕ್ಷರ. ಈ ಮೊಹರು ಹೀಗೆಯೇ ಇದ್ದರೆ ಒಂದು ವರ್ಷದ ತನಕ ಏನು ಕೆಟ್ಟರೂ ನಮ್ಮ ಮನುಷ್ಯ ಬಂದು ಪುಕ್ಕಟೆ ಸರಿಮಾಡುತ್ತಾನೆ, ಮೊಹರು ಒಡೆದು ಯಾರಾದರೂ ಒಳಗೆ ಕೈಹಾಕಿದರೆ ಗ್ಯಾರಂಟಿ ಮುಗಿಯಿತು ಎಂದು ಅವರು ಹೇಳಿದಾಗ ನಾನು ಅಲ್ಲಿದ್ದೆ. ಆಮೇಲೆ ಓಣಿಯಲ್ಲಿ ಎಲ್ಲದಕ್ಕೂ ಗ್ಯಾರಂಟಿಯೇ. ಸಂಜೆಗೆ ಮಳೆ ಗ್ಯಾರಂಟಿ, ಎಮ್ಮೆ ಈಯುವುದು ಗ್ಯಾರಂಟಿ.

ಪೆಟ್ಟಿಗೆಯನ್ನು ಈ ಮನೆಯಲ್ಲಿ ಇಟ್ಟದ್ದು ಮನೆ ಸೋರುತ್ತಿರಲಿಲ್ಲ ಎಂದು. ಮನೆಯ ನೇಕಾರರು ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಇಡೀ ಓಣಿಯ ವಸ್ತು ಎಂದು ತಾವೇ ಮುಟ್ಟಲು ಹಿಂಜರಿಯುತ್ತಿದ್ದರು. ಓಣಿಯವರು ಅವರನ್ನು ಕಾಡಿಸಿ ನಗುವ ಒಂದೇ ಹಳೆಯ ಚಾಷ್ಟಿ ಇತ್ತು. ಹರೆಯದಲ್ಲಿ ಒಂದು ಗೋಡೆ ಗಡಿಯಾರ ಬಿಚ್ಚಿದ್ದರು, ಅದು ಮತ್ತೆ ನಡೆದಿರಲಿಲ್ಲ.

ದೀಪಾವಳಿಯ ಹೊತ್ತಿಗೆ ರೇಡಿಯೋದ ದನಿ ನಿಂತಿತು. ಹೊಸ ಬ್ಯಾಟರಿ ಹಾಕಿದರೂ ಬರಲಿಲ್ಲ. ಅಂಗಡಿಗೆ ಹೇಳಿ ಕಳಿಸಿದೆವು. ಶುಕ್ರವಾರ ಮಧ್ಯಾಹ್ನದ ಮೋಟಾರಿಗೆ ಮೆಕ್ಯಾನಿಕ್ ಬಂದ. ನಾನು ಸಾಲೆ ಬಿಟ್ಟು ಹೋಗುವ ಹೊತ್ತಿಗೆ ಓಣಿಯವರು ಅಲ್ಲಿ ಸೇರಿದ್ದರು. ಇನ್ನೂ ಮೂವತ್ತು ದಾಟದವನು, ಕೆಟ್ಟ ಮನುಷ್ಯನಲ್ಲ. ಚಹಾ ಕುಡಿಯುತ್ತ ತನ್ನ ಪಾಡು ಹೇಳಿದ. ರೋಣದಲ್ಲಿ ಇಲಿ ಹೊಕ್ಕಿದೆ ಎಂದು ಒಬ್ಬರು ಸೆಟ್ಟು ಬಿಚ್ಚಿದ್ದರಂತೆ. ನರಗುಂದದಲ್ಲಿ ಇನ್ನೊಬ್ಬರು ಅರಗನ್ನು ದೀಪಕ್ಕೆ ಕಾಸಿ ತೆಗೆದು, ಕೆಲಸವಾದ ಮೇಲೆ ತಿರುಗಿ ಅಂಟಿಸಿದ್ದರಂತೆ. ಎರಡೂ ಸಲ ಅವರ ಮಾತು ನಂಬಿ ಅಂಗಡಿಯಲ್ಲಿ ತಾನು ಬೈಸಿಕೊಂಡೆ ಎಂದ. ಆಮೇಲೆ ಪೆಟ್ಟಿಗೆ ಇಳಿಸಿ ಹಿಂದೆ ತಿರುಗಿಸಿದ. ಬೆರಳಿನಿಂದ ಅರಗು ಸವರಿ ನೋಡಿದ.

“ಆನಿ ಇಲ್ಲ, ಅಕ್ಷರ ಇಲ್ಲ. ಇದನ್ನ ಕಾಸಿ ತಿರುಗಿ ಹಚ್ಯಾರ್ರಿ,” ಎಂದ.

ನಾನು ಬಗ್ಗಿ ನೋಡಿದೆ. ಅರಗು ಇತ್ತು. ಒಡೆದಿರಲಿಲ್ಲ. ಆದರೆ ಮೇಲ್ಮೈ ನುಣ್ಣಗೆ, ಹೊಳೆಯ ಕಲ್ಲಿನ ಹಾಗೆ ಆಗಿತ್ತು.

ಎಲ್ಲರೂ ನೇಕಾರರ ಕಡೆ ನೋಡಿದರು. ತಾವು ಮುಟ್ಟಿಲ್ಲ ಎಂದರು ಅವರು. ಎದುರು ಮನೆಯ ತರುಣ, ವರಸೆಯಲ್ಲಿ ಅವರಿಗೆ ಅಳಿಯನಾಗಬೇಕು, ಕಂಬಕ್ಕೆ ಒರಗಿ ನಿಂತಿದ್ದ.

“ಗಡಿಯಾರ ಬಿಚ್ಚಿದ ಕೈ ಸುಮ್ನ ಕುಂತೀತೇನ್ರಿ, ಸಾಹೇಬ್ರ?” ಎಂದ.

ಕೆಲವರು ನಕ್ಕರು. ನೇಕಾರರು ಮತ್ತೆ, ಮುಟ್ಟಿಲ್ಲ ಎಂದರು.

“ಹಂಗಾರ ಆನಿ ತಾನ ನಡಕೊಂತ ಹೋತೇನ, ಮಾವಾ?”

ಈಗ ನಗದವರೂ ನಕ್ಕರು. ಅದು ಕೆಡುಕಿನ ನಗೆಯಲ್ಲ. ಆದರೆ ಇನ್ನು ಗ್ಯಾರಂಟಿ ಇಲ್ಲ, ಹತ್ತು ಮನೆಯ ವಸ್ತು ಇವರ ಕೈಯಲ್ಲಿ ಕೆಟ್ಟಿತು, ಕೆಡಿಸಿದ್ದನ್ನು ಮುಚ್ಚಿಟ್ಟರು ಎಂಬುದು ಆ ನಗೆಯಲ್ಲಿಯೇ ತೀರ್ಮಾನವಾಗಿ ಹೋಯಿತು. ನೇಕಾರರಿಗೂ ಅದು ತಿಳಿಯಿತು. ಎದ್ದು ಮಗ್ಗದ ಕಡೆ ನಡೆದು ಕುಣಿಯಲ್ಲಿ ಇಳಿದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಕುಣಿಯ ದಂಡೆಯ ಮೇಲಿದ್ದ ಕತ್ತರಿ ಕೈಗೆ ತೆಗೆದುಕೊಂಡರು.

“ನಿಮ್ಮದು ಬಿಚ್ಚೇನಂತೀರಿ. ನೋಡ್ರಿ, ನನ್ನದು ಬಿಚ್ಚತೇನಿ.”

ಮೆಲ್ಲಗೆ ಹೇಳಿದರು. ಹೇಳಿ ಉದ್ದಕ್ಕೆ ಬಿಗಿದು ನಿಂತ ಹಾಸಿನ ಎಳೆಗಳಿಗೆ ಬಲತುದಿಯಿಂದ ಕತ್ತರಿ ಹಾಕಿದರು. ಕತ್ತರಿಸಿದ ಎಳೆಗಳು ಹಿಂದಕ್ಕೆ ಹಾರಿ ಸುತ್ತಿಕೊಂಡವು. ಆ ಸಪ್ಪಳ ದೊಡ್ಡದಲ್ಲ. ಒಣ ಎಲೆಯ ಮೇಲೆ ಕಾಲಿಟ್ಟಂತೆ. ನೇಕಾರರ ಓಣಿಯಲ್ಲಿ ಆ ಸಪ್ಪಳ ಗೊತ್ತಿಲ್ಲದವರು ಯಾರು? ನಗೆ ನಿಂತಿತು. ನಾನು ನಿಂತಲ್ಲೇ ಇದ್ದೆ. ಎರಡನೆಯ ಸಲ ಕತ್ತರಿ ತೆರೆಯುವುದರೊಳಗೆ, ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ಅವರ ಹೆಂಡತಿ ಎರಡೂ ಕೈಯಿಂದ ಮಣಿಕಟ್ಟು ಹಿಡಿದರು.

ಅಷ್ಟರಲ್ಲಿ ಅಡಿಗೆಮನೆಯಿಂದ ನೇಕಾರರ ತಾಯಿ ಬಂದಳು. ಓಣಿಗೆಲ್ಲ ಅವಳು ಅವ್ವ. ಕಿವಿ ಮಂದ, ಅಲ್ಲಿಯವರೆಗೆ ನಡೆದದ್ದು ಕೇಳಿಸಿರಲಿಲ್ಲ. ಏನಾಯಿತೆಂದು ನನ್ನನ್ನೇ ಕೇಳಿದಳು. ಪೆಟ್ಟಿಗೆಯ ಬೆನ್ನಿಗಿದ್ದ ಆನೆಯನ್ನು ಅಳಿಸಿದವರು ಯಾರು ಎಂದು ಕೇಳುತ್ತಿದ್ದಾರೆ ಎಂದು ಗಟ್ಟಿಯಾಗಿ ಹೇಳಿದೆ.

“ಆನಿ ಎಲ್ಲೈತಪಾ? ಅಂವ ಗಣಪ,” ಎಂದಳು. “ಮೊದಲ ಪೂಜಿ ಗಣಪಗ ಅಲ್ಲೇನ? ಶುಕ್ರವಾರಕ್ಕೊಮ್ಮೆ ತೊಳದು ಕುಂಕುಮ ಹಚ್ಚತೇನಿ, ಆಮ್ಯಾಲ ಪೆಟಿಗಿ ಮಾರಿಗೆ. ಇವತ್ತ ಪ್ಯಾಟಿ ಮಂದಿ ಬರ್ತಾರಂತ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕೇನಿ, ಕುಂಕುಮ ಇನ್ನಾ ಹಚ್ಚಿಲ್ಲ. ಚಲೋ ಹೊಳ್ಯಾಕತ್ತಿಲ್ಲೇನ?”

ಪೆಟ್ಟಿಗೆಯ ಮುಂದಿನ ಕುಂಕುಮವನ್ನು ನಾವೆಲ್ಲ ನೋಡಿದ್ದೆವು. ಗೋಡೆಯ ಕಡೆಗಿದ್ದ ಬೆನ್ನನ್ನು ಯಾರೂ ನೋಡಿರಲಿಲ್ಲ. ಮಗ ಮೀಯಲು ಹೋದ ಹೊತ್ತಿನಲ್ಲಿ ಅವಳು ಅದನ್ನೂ ದೇವರ ಸಾಮಾನಿನ ಜೊತೆ ತಿಕ್ಕುತ್ತಿದ್ದಳು.

ಆಗ ಎಲ್ಲರೂ ಬಿದ್ದು ಬಿದ್ದು ನಕ್ಕರು ಎಂದು ಮದುವೆಯಲ್ಲಿ ಹೇಳಿದರು. ಯಾರೂ ನಗಲಿಲ್ಲ. ಮೆಕ್ಯಾನಿಕ್ ಅವ್ವನ ಕಡೆ ತಿರುಗಿದ.

“ನಾ ನಂಬ್ತೇನಿ ಎವ್ವಾ. ಅಂಗಡ್ಯಾಗ ಇದನ್ನ ಹ್ಯಾಂಗ ಹೇಳ್ಲಿ?” ಎಂದ.

ಅವನಿಂದ ಆದದ್ದು ಇಷ್ಟು. ಗ್ಯಾರಂಟಿ ಮುಗಿಯಿತು ಎಂದ, ಮುಂದೆ ಕೆಟ್ಟರೆ ಅಂಗಡಿಯವರು ಬರುವುದಿಲ್ಲ ಎಂದ. ಆಮೇಲೆ ತಾನೇ ಅರಗು ಒಡೆದು ಹಿಂದಿನ ಹಲಗೆ ತೆಗೆದ. ಒಳಗೆ ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ಅವ್ವನ ಒಲೆಯ ಕೆಂಡದಲ್ಲಿಯೇ ಬೆಸುಗೆಯ ಕಡ್ಡಿ ಕಾಸಿ ಬೆಸೆದ. ದನಿ ಬಂತು, ಮೊದಲಿನಷ್ಟೇ ಚೆನ್ನಾಗಿ. ಒಡೆದ ಅರಗಿನ ಚೂರುಗಳನ್ನು ಅವ್ವ ಆರಿಸಿ ದೇವರ ಮಾಡದಲ್ಲಿ ಇಟ್ಟಳು. ನೇಕಾರರು ಕುಣಿಯಲ್ಲಿ ಕೂತೇ ಇದ್ದರು, ಈ ಕಡೆ ತಿರುಗಲಿಲ್ಲ. ಎದುರು ಮನೆಯ ತರುಣ ಹತ್ತಿರ ಹೋಗಿ ಏನೋ ಅಂದ. ಅವರು ಅವನಿಗಲ್ಲ, ಎಲ್ಲರಿಗೂ ಹೇಳಿದರು:

“ಇದನ್ನ ಒಯ್ರಿ. ನಮ್ಮನ್ಯಾಗ ಬ್ಯಾಡ.”

ತರುಣ ಅಂದಿನಿಂದ ಬಹಳ ದಿನ, ಇಲ್ಲೇ ಇರಲಿ ಮಾವಾ ಎಂದು ಬೇಡಿಕೊಂಡ. ಅವರು ಒಪ್ಪಲಿಲ್ಲ. ಯಾರ ಮನೆಯೂ ಬೇಡವೆಂದು ರೇಡಿಯೋ ನನ್ನ ಬಾಡಿಗೆಯ ಕೋಣೆಗೆ ಬಂತು. ಸಂಜೆ ಓಣಿಯೆಲ್ಲ ಅಲ್ಲಿಗೆ ಬರುತ್ತಿತ್ತು. ನಾನು ವರ್ಗವಾಗಿ ಬೆಳವಣಕಿಗೆ ಹೋಗುವವರೆಗೆ ನೇಕಾರರು ಒಂದು ಸಂಜೆಯೂ ಬರಲಿಲ್ಲ. ಅವರ ತಾಯಿ ಬರುತ್ತಿದ್ದಳು, ಶುಕ್ರವಾರ ಬೆಳಿಗ್ಗೆ. ಪೆಟ್ಟಿಗೆ ತಿರುಗಿಸಿಕೊಡು ಮಾಸ್ತರ ಎನ್ನುತ್ತಿದ್ದಳು. ಮೊಹರಿಲ್ಲದ ಬರಿಯ ತಿರುಪಿಗೆ ಮೊದಲು ಕುಂಕುಮ ಹಚ್ಚಿ, ಆಮೇಲೆ ಮುಂದಕ್ಕೆ ಹಚ್ಚುತ್ತಿದ್ದಳು.

ಅವ್ವ ಇಲ್ಲ, ನೇಕಾರರೂ ಇಲ್ಲ. ಮೆಕ್ಯಾನಿಕ್ ಎಲ್ಲಿದ್ದಾನೋ ತಿಳಿಯದು. ಎದುರು ಮನೆಯ ತರುಣ ಈಗ ಮೊಮ್ಮಕ್ಕಳ ಅಜ್ಜ, ಅದೇ ಓಣಿಯಲ್ಲಿದ್ದಾರೆ. ಮದುವೆಯಲ್ಲಿ ಹೇಳಿದವರು ಅವರೇ. ಕತ್ತರಿಯ ಮಾತು ಎತ್ತಿದಾಗ, ಕೈಗೆ ತಗೊಂಡಿದ್ದರು, ಹಾಕಲಿಲ್ಲ ಎಂದರು. ಅವರು ಸುಳ್ಳು ಹೇಳುತ್ತಾರೆ ಎಂದು ನಾನು ಅನ್ನುವುದಿಲ್ಲ. ಅವರಿಗೆ ಅದು ಹಾಗೆ ಬೇಕಾಗಿದೆ.

ನೇಕಾರರ ಹೆಂಡತಿ ಶಿರೋಳದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋಗಿ ಕೇಳಿದೆ.

“ನಿಮಗ ಸಂಶೇ ಬಂತೇನ್ರಿ ಮಾಸ್ತರ?” ಎಂದರು. “ಕಡದ ಆ ಎಳಿ ಒಂದೊಂದ ತಿರುಗಿ ಕಟ್ಟಿದಾಕಿ ನಾನು.”

ನಾನು ತಿಳಿದಂತೆ, ಅಂದು ಅದನ್ನು ನೋಡಿ ಇನ್ನೂ ಇರುವವರು ಅವರು, ಓಣಿಯ ಆ ಎದುರು ಮನೆಯವರು, ನಾನು.