ಗ್ರಂಥಾಲಯದ ತಗಡಿನ ಬಿಲ್ಲೆಗಳು

ಜಗಳೂರಿನಲ್ಲಿ ನಾನು ಗ್ರಂಥಪಾಲಕನಾಗಿ ಕೆಲಸಕ್ಕೆ ಸೇರಿದಾಗ ಪುಸ್ತಕ ಕೊಡುವುದೆಂದರೆ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು, ಅಷ್ಟೇ. ಪುಸ್ತಕದ ಹೆಸರು, ತೆಗೆದುಕೊಂಡವರ ಹೆಸರು, ತಾರೀಖು, ಕೊನೆಯಲ್ಲಿ ಅವರ ಸಹಿ. ಸಂತೆಯ ದಿನ ಬಿಳಿಚೋಡಿನಿಂದ ಬಂದವರು ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ಚಡಪಡಿಸುತ್ತಿದ್ದರು, ನಾನು ಸಾವಕಾಶವಾಗಿ ಬರೆಯುತ್ತಿದ್ದೆ. ನನ್ನ ಅಕ್ಷರ ದುಂಡಗೆ, ಅದರ ಮೇಲೆ ನನಗೆ ವಿಪರೀತ ಅಭಿಮಾನ. ಬೇಗ ಬರೀರಿ ಎಂದವರ ಮೇಲೆ ರೇಗುತ್ತಿದ್ದೆ. ಮೂಗಿನ ತುದಿಯಲ್ಲಿ ಕೋಪ ನನಗೆ. ಅದು ಅಪ್ಪನಿಂದ ಬಂದ ಆಸ್ತಿ. ಬೇರೆ ಆಸ್ತಿಯೇನೂ ಬರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನಗೆ ನ್ಯಾಮತಿಗೆ ವರ್ಗವಾಯಿತು. ಅಲ್ಲಿಗೆ ಹೋದ ಎರಡನೇ ವರ್ಷ ಮೇಲಿನ ಕಚೇರಿಯಿಂದ ಕಾಗದ ಬಂತು: ಇನ್ನು ಮೇಲೆ ರಿಜಿಸ್ಟರು ಬೇಡ, ಹೊಸ ಪದ್ಧತಿ. ಕಲಿತು ಬರಲು ಮೂರು ದಿನ ಚನ್ನಗಿರಿಗೆ ಕಳಿಸಿದರು. ಪ್ರತಿ ಪುಸ್ತಕದೊಳಗೆ ಒಂದು ಕಾರ್ಡು. ಪ್ರತಿ ಓದುಗರಿಗೆ ದಪ್ಪ ಕಾಗದದ, ಚಿಕ್ಕ ಜೇಬಿನಂಥ ಒಂದು ಟಿಕೆಟ್ಟು. ಪುಸ್ತಕ ಬೇಕಾದವರು ಟಿಕೆಟ್ಟು ಕೊಡಬೇಕು. ಪುಸ್ತಕದ ಕಾರ್ಡನ್ನು ಆ ಜೇಬಿಗೆ ಸೇರಿಸಿ ಮರದ ಟ್ರೇಯಲ್ಲಿ ತಾರೀಖಿನ ಪ್ರಕಾರ ನಿಲ್ಲಿಸಿದರೆ ಮುಗಿಯಿತು. ಪುಸ್ತಕ ವಾಪಸು ತಂದಾಗ ಟಿಕೆಟ್ಟು ವಾಪಸು. ಬರೆಯುವುದಿಲ್ಲ, ಸಹಿ ಇಲ್ಲ, ಅರ್ಧ ನಿಮಿಷದ ಕೆಲಸ. ಈಗಿನವರಿಗೆ ನಗು ಬರಬಹುದು, ಅವತ್ತು ನನಗೆ ನ್ಯಾಮತಿಗೆ ಒಂದು ದೊಡ್ಡ ಯಂತ್ರವನ್ನೇ ತಂದಷ್ಟು ಹೆಮ್ಮೆಯಾಗಿತ್ತು.

ಹೆಮ್ಮೆ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಟಿಕೆಟ್ಟಿಗಾಗಿ ತುಂಬುವ ಅರ್ಜಿಯಲ್ಲಿ ಮೇಲಿನವರು ಬರೀ 'ಹೆಸರು' ಎಂದು ಅಚ್ಚು ಹಾಕಿಸಿದ್ದರು. ನಾನು ಬುದ್ಧಿವಂತನಲ್ಲವೇ, ಅದರ ಪಕ್ಕದಲ್ಲಿ ದುಂಡಗೆ 'ಮನೆಯ ಯಜಮಾನರ' ಎಂದು ಸೇರಿಸಿದೆ. ನಮ್ಮ ಬೀದಿಯವರ ರೇಷನ್ ಕಾರ್ಡಿನ ಅರ್ಜಿಗಳನ್ನು ಬರೆದುಕೊಟ್ಟು ಅಭ್ಯಾಸವಾಗಿದ್ದ ಕೈ ಅದು. ಮನೆಗೊಂದು ಟಿಕೆಟ್ಟು, ಯಜಮಾನರ ಹೆಸರಿನಲ್ಲಿ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಜನ ರೇಷನ್ ಕಾರ್ಡು ಹಿಡಿದುಕೊಂಡೇ ಬಂದು ಸಾಲು ನಿಂತರು. ದೀಪಾವಳಿ ಕಳೆದು ಒಂದು ವಾರಕ್ಕೆಲ್ಲ ಟಿಕೆಟ್ಟುಗಳು ಹಂಚಿಹೋದವು, ಹಳೆಯ ರಿಜಿಸ್ಟರನ್ನು ಬೀರುವಿನ ಮೇಲೆ ಎಸೆದೆ.

ಆಮೇಲೆ ನೋಡಿದರೆ ಪುಸ್ತಕ ಒಯ್ಯುವವರೇ ಇಲ್ಲ. ಸಾಸ್ವೆಹಳ್ಳಿಯಿಂದ ಬಂದ ಒಬ್ಬರು ಅರ್ಧ ಗಂಟೆ ಹುಡುಕಿ ಒಂದು ಪುಸ್ತಕ ಆರಿಸಿದರು. ಟಿಕೆಟ್ಟು ಇಲ್ಲೇ ಇರುತ್ತದೆ ಎಂದು ಹೇಳಿದೊಡನೆ ಪುಸ್ತಕವನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ಟಿಕೆಟ್ಟನ್ನು ಒಳಜೇಬಿಗೆ ಹಾಕಿಕೊಂಡು ಹೊರಟೇಹೋದರು. ಇನ್ನೊಬ್ಬರು ಟಿಕೆಟ್ಟು ತೋರಿಸಿದರೆ ಸಾಲದೇ ಎಂದು ಜಗಳಕ್ಕೇ ಬಂದರು. ನಾನು ಎಲ್ಲರಿಗೂ ಮೊದಲಿನಿಂದ ವಿವರಿಸುತ್ತಿದ್ದೆ, ಮೂರನೇ ಸಲಕ್ಕೆ ಧ್ವನಿ ಏರುತ್ತಿತ್ತು. ಈ ಊರಿನವರಿಗೆ ಹೊಸದು ಹಿಡಿಸುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಡಿಸೆಂಬರಿನ ಅಂಥ ಒಂದು ದಿನ ಒಬ್ಬ ಹೆಣ್ಣುಮಗಳು ಬಂದಳು. ಬಸ್ ನಿಲ್ದಾಣದ ಹತ್ತಿರ ಸ್ಟೌ, ಲಾಟೀನು ರಿಪೇರಿ ಮಾಡುವವರ ಸೊಸೆ. ಮದುವೆಯಾಗಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಈಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಪಾಸಾದರೆ ಆ ವರ್ಷವೇ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು. ಗಣಿತ ಅವಳಿಗೆ ಕಷ್ಟ. ಲೆಕ್ಕಗಳನ್ನು ಬಿಡಿಸಿ ತೋರಿಸುವ ಒಂದು ಪುಸ್ತಕ ನಮ್ಮಲ್ಲಿತ್ತು, ಒಂದೇ ಪ್ರತಿ. ರಿಜಿಸ್ಟರಿದ್ದ ಕಾಲದಲ್ಲಿ ಅವಳು ಅದನ್ನು ಸಹಿ ಮಾಡಿ ಒಯ್ಯುತ್ತಿದ್ದಳು, ತರುತ್ತಿದ್ದಳು, ಮತ್ತೆ ಒಯ್ಯುತ್ತಿದ್ದಳು. ಹೊಸ ಪದ್ಧತಿಗಾಗಿ ಎಲ್ಲ ಪುಸ್ತಕಗಳನ್ನೂ ವಾಪಸು ತರಿಸಿದಾಗ ಅದನ್ನೂ ತಂದುಕೊಟ್ಟಿದ್ದಳು. ಈಗ ಕೇಳಲು ಬಂದಿದ್ದಳು, ಬರಿಗೈಯಲ್ಲಿ. ಟಿಕೆಟ್ಟು ಮಾವನವರ ಹೆಸರಿನಲ್ಲಿತ್ತು, ಅವರ ಟ್ರಂಕಿನಲ್ಲಿತ್ತು, ಅವರು ಅದನ್ನು ಹೊರಗೆ ಬಿಡಲು ಒಪ್ಪಿರಲಿಲ್ಲ.

"ಸಹಿ ಮಾಡಿ ಕೊಡ್ತೀನಿ ಸಾರ್, ಮೊದಲಿನಂಗೆ," ಎಂದಳು.

ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ. ಟಿಕೆಟ್ಟಿಲ್ಲದೆ ಪುಸ್ತಕ ಇಲ್ಲ ಎಂದೆ. ಮನೆಯವರಿಗೆ ತಿಳಿಹೇಳುವುದು ನನ್ನ ಕೆಲಸವಲ್ಲ ಎಂದೂ ಸೇರಿಸಿದೆ. ಇಲ್ಲೇ ಕೂತು ಓದಲೇ ಎಂದು ಕೇಳುವ ಹಾಗೆ ಒಮ್ಮೆ ಬೆಂಚುಗಳ ಕಡೆ ನೋಡಿದಳು. ಎರಡೂ ಬೆಂಚಿನ ತುಂಬ ಗಂಡಸರು ಪೇಪರು ಹರಡಿಕೊಂಡು ಕೂತಿದ್ದರು. ಅವಳು ಹೋದಳು. ನಾನು ಟ್ರೇಯನ್ನು ಒರೆಸಿಟ್ಟೆ.

ರಿಜಿಸ್ಟರಿಗೂ ಟ್ರೇಗೂ ಇರುವ ಒಂದು ವ್ಯತ್ಯಾಸ ನನಗೆ ಹೊಳೆದಿರಲಿಲ್ಲ. ರಿಜಿಸ್ಟರಿನ ಹಾಳೆ ತಿರುವಿದರೆ ಯಾರು ಬರುತ್ತಿದ್ದರು, ಯಾರು ಬರುವುದು ಬಿಟ್ಟರು ಎಂದು ತಿಳಿಯುತ್ತದೆ. ಟ್ರೇಯಲ್ಲಿ ಪುಸ್ತಕ ಒಯ್ದವರು ಮಾತ್ರ ಇರುತ್ತಾರೆ. ಬಾರದವರ ಗುರುತೇ ಅಲ್ಲಿರುವುದಿಲ್ಲ. ಹಾಗಾಗಿ ಡಿಸೆಂಬರ್ ಹೋಯಿತು, ಜನವರಿ ಹೋಯಿತು, ಅವಳ ನೆನಪು ನನಗೆ ಒಮ್ಮೆಯೂ ಬರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಫೆಬ್ರವರಿಯ ಕೊನೆಗೆ ನಮ್ಮ ಮನೆಯ ಸ್ಟೌ ಕೆಟ್ಟಿತು. ಪಂಪು ಹೊಡೆದರೆ ಗಾಳಿ ನಿಲ್ಲುತ್ತಿರಲಿಲ್ಲ. ಹೆಂಡತಿಯ ಮಾತು ಕೇಳಲಾರದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಸ್ ನಿಲ್ದಾಣದ ಆ ಅಂಗಡಿಗೆ ಹೋದೆ. ಯಜಮಾನರು ವಾಷರು ಹೋಗಿದೆ, ನಾಳೆ ಬನ್ನಿ ಎಂದರು. ನಾನು ಹೊರಟಾಗ ಕರೆದು ನನ್ನ ಅಂಗೈಗೆ ಒಂದು ತಗಡಿನ ಬಿಲ್ಲೆ ಹಾಕಿದರು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಮಾಡಿದ್ದು, ಮೊಳೆಯಿಂದ ಚುಚ್ಚಿ ನಂಬರು ಹಾಕಿದ್ದು. ಅದರ ಜೋಡಿಯನ್ನು ನನ್ನ ಸ್ಟೌವಿಗೆ ಕಟ್ಟಿದರು. ನನ್ನ ಗುರುತು ನಿಮಗಿಲ್ಲವೇ, ಇದೆಲ್ಲ ಯಾಕೆ ಎಂದು ನಕ್ಕೆ.

ಅವರು ನಗಲಿಲ್ಲ. "ಗುರುತು ಐತೆ ಸಾರ್. ಆದ್ರೂ ನಿಮ್ಮ ಸಾಮಾನು ನನ್ನ ಹತ್ರ ಬಿಟ್ಟು ಹೊಂಟೀರಿ, ನಿಮ್ಮ ಕೈಯಾಗೆ ಏನಾರ ಇರಬೇಕಲ್ಲ. ನಿಮ್ಮಲ್ಲಿ ಟಿಕೆಟ್ಟು ಬಿಟ್ಟರೆ ನೀವು ಏನು ಕೊಡ್ತೀರಿ?"

ಪುಸ್ತಕ ಕೊಡುತ್ತೇವಲ್ಲ ಎಂದೆ. ಪುಸ್ತಕ ಓದೋಕೆ ಕೊಟ್ಟಿದ್ದು, ಅದು ಸರ್ಕಾರದ್ದು, ಟಿಕೆಟ್ಟಿಗೆ ಏನು ಕೊಟ್ರಿ ಎಂದು ಮತ್ತೆ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು. ಹಿಂದೆ ಬೇರೆ ಊರಿನಲ್ಲಿದ್ದಾಗ ಅಂಗಡಿಯವನೊಬ್ಬ ರೇಷನ್ ಕಾರ್ಡನ್ನು ಇಟ್ಟುಹೋಗಿ ಎಂದು ಇಟ್ಟುಕೊಂಡು, ಕೇಳಿದಾಗಲೆಲ್ಲ ನಾಳೆ ಬಾ ಎನ್ನುತ್ತ ಒಂದು ಮಳೆಗಾಲವನ್ನೇ ಕಳೆದಿದ್ದನಂತೆ. ಮನೆಯಲ್ಲಿ ಆಗ ಕೂಸುಗಳಿದ್ದವಂತೆ. ಅವತ್ತಿನಿಂದ ಯಾವ ಕಾರ್ಡನ್ನೂ ಯಾರ ಕೈಯಲ್ಲೂ ಬಿಟ್ಟುಬಂದವರಲ್ಲ. "ನನ್ನ ಸೊಸೆ ಲೆಕ್ಕದ ಪುಸ್ತಕ ಬೇಕು ಅಂತ ಕಣ್ಣೀರು ಹಾಕ್ತಾಳೆ. ನಂಗೂ ಸಂಕಟ ಆಗ್ತೈತೆ. ಒಂದು ಬಿಲ್ಲೆ ಕೊಟ್ಟಿದ್ರೆ ಅವತ್ತೇ ತಂದುಕೊಡ್ತಿದ್ದೆ," ಎಂದರು.

ಆಗ ನನಗೆ ಆ ಹೆಣ್ಣುಮಗಳು ನೆನಪಾದಳು. ಬೆಂಚಿನ ಕಡೆ ನೋಡಿದ ಆ ನೋಟವೂ ನೆನಪಾಯಿತು. ನೆಟ್ಟಗೆ ಗ್ರಂಥಾಲಯಕ್ಕೆ ಹೋಗಿ ಬೀರುವಿನ ಮೇಲಿನ ರಿಜಿಸ್ಟರು ಇಳಿಸಿ ಧೂಳು ಹೊಡೆದು ಹಾಳೆ ತಿರುವಿದೆ. ಅವಳೊಬ್ಬಳೇ ಅಲ್ಲ. ಹೆಂಗಸರ ಸಹಿಗಳು ಹಾಳೆ ಹಾಳೆಯಲ್ಲೂ ಇದ್ದವು. ಟ್ರೇಯಲ್ಲಿ ಒಂದೇ ಒಂದು ಟಿಕೆಟ್ಟೂ ಹೆಂಗಸರ ಹೆಸರಿನದಾಗಿರಲಿಲ್ಲ. ಹೇಗೆ ಇರುತ್ತದೆ? ನಾನೇ ಅರ್ಜಿಯಲ್ಲಿ ಅವರಿಗೆ ಜಾಗವಿಟ್ಟಿರಲಿಲ್ಲ. ಮೇಲಿನ ಕಚೇರಿಯನ್ನು ಬೈಯೋಣವೆಂದರೆ ಅವರ ತಪ್ಪೇನೂ ಇರಲಿಲ್ಲ. ಆ ಎರಡು ಪದ ನನ್ನ ಕೈಬರಹದಲ್ಲೇ ಇದ್ದವು.

ಮಾರನೆಯ ದಿನ ಸ್ಟೌ ತರಲು ಹೋದಾಗ ಆ ಯಜಮಾನರಿಗೇ ನೂರು ಜೋಡಿ ಬಿಲ್ಲೆ ಮಾಡಿಕೊಡಲು ಹೇಳಿದೆ. ಎರಡೇ ದಿನದಲ್ಲಿ ಮಾಡಿಕೊಟ್ಟರು, ಅಂಚು ಕೈ ಕೊಯ್ಯದಂತೆ ಅರದಿಂದ ಉಜ್ಜಿ. ರಿಜಿಸ್ಟರಿನಲ್ಲಿ ಸಹಿಯಿದ್ದ ಪ್ರತಿ ಹೆಂಗಸಿಗೂ ಅವಳದೇ ಹೆಸರಿನಲ್ಲಿ ಟಿಕೆಟ್ಟು ಬರೆದೆ. ಟಿಕೆಟ್ಟು ಬಿಟ್ಟವರಿಗೆ ಒಂದು ಬಿಲ್ಲೆ, ಅದರ ಜೋಡಿ ಟ್ರೇಯಲ್ಲಿ ಟಿಕೆಟ್ಟಿನ ಜೊತೆಗೆ. ಜನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನಂಬರು ನೋಡಿ ಸಮಾಧಾನವಾಗಿ ಪುಸ್ತಕ ಒಯ್ದರು. ಹೆಂಗಸರು ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿ ಮಾತ್ರ ಒಂದು ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೇನು ಗ್ರಂಥಾಲಯವೋ ಹಿಟ್ಟಿನ ಗಿರಣಿಯೋ ಎಂದರು. ನನಗೆ ತಡೆಯಲಾಗಲಿಲ್ಲ. ಗಿರಣಿಯೇ ಸ್ವಾಮಿ, ಅಲ್ಲಿ ಬಿಲ್ಲೆ ಕೊಟ್ಟರೆ ಜನಕ್ಕೆ ತಾವು ಬಿಟ್ಟದ್ದು ವಾಪಸು ಸಿಗುತ್ತದೆ ಎಂದುಬಿಟ್ಟೆ. ಅದಕ್ಕೆ ಒಂದು ಮೆಮೊ ಬಂತು. ಅದರ ಹಿಂದೆಯೇ ಹೊನ್ನಾಳಿಯ ಶಾಖೆಯವರು ಬಂದು ಬಿಲ್ಲೆ ನೋಡಿ, ತಮಗೂ ಐವತ್ತು ಜೋಡಿ ಮಾಡಿಸಿಕೊಂಡು ಹೋದರು.

ಅವಳ ಟಿಕೆಟ್ಟನ್ನು ಎಲ್ಲರಿಗಿಂತ ಮೊದಲು ಬರೆದಿದ್ದೆ. ಮಾವನವರ ಜೊತೆಗೇ ಬಂದಳು, ಪುಸ್ತಕ ಒಯ್ದಳು. ಪರೀಕ್ಷೆಗೆ ಆಗ ಇದ್ದದ್ದು ಒಂದು ತಿಂಗಳು.

ಫಲಿತಾಂಶ ಬಂದ ವಾರ ಒಂದು ಮಧ್ಯಾಹ್ನ ಒಬ್ಬಳೇ ಬಂದಳು. ಬೆಂಚುಗಳು ಖಾಲಿಯಿದ್ದವು. ಗಣಿತವೊಂದು ಹೋಯಿತು, ಉಳಿದದ್ದೆಲ್ಲ ಬಂತು ಎಂದು ನಿಂತಲ್ಲಿಂದಲೇ ಹೇಳಿದಳು. ಟ್ರೈನಿಂಗಿನ ಅರ್ಜಿಗೆ ಕೊನೆಯ ದಿನ ಹತ್ತಿರವಿತ್ತು. ಆ ವರ್ಷ ಇನ್ನು ಅದು ಅವಳಿಗಲ್ಲ. ನಾನು ಎದ್ದು ನಿಂತೆ. ಡಿಸೆಂಬರಿನಲ್ಲೇ ಪುಸ್ತಕ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ, ನನ್ನಿಂದಲೇ ಆಯಿತಮ್ಮ ಎಂದೆ. ಹಾಗೆಲ್ಲ ಅನ್ನಬೇಡಿ ಸಾರ್, ನನ್ನ ಹಣೆಬರಹ ಎನ್ನುತ್ತಾಳೆ ಎಂದುಕೊಂಡಿದ್ದೆ. ಯಾರಾದರೂ ಹಾಗೇ ಅನ್ನುವುದು ನಮ್ಮ ಕಡೆಯ ರೂಢಿ. ನಿಜ ಹೇಳಬೇಕೆಂದರೆ, ಆ ಮಾತಿಗಾಗಿಯೇ ನಾನು ತಪ್ಪೊಪ್ಪಿಕೊಂಡಿದ್ದೆ.

ಅವಳು ಹತ್ತಿರ ಬಂದು ಟಿಕೆಟ್ಟನ್ನು ಮೇಜಿನ ಮೇಲಿಟ್ಟಳು.

"ಹೂಂ ಸಾರ್, ನಿಮ್ಮಿಂದಾನೇ," ಎಂದಳು. "ಒಂದು ವರ್ಷ ಹೋತು. ಅಕ್ಟೋಬರಿನ ಪರೀಕ್ಷೆಗೆ ಮತ್ತೆ ಕಟ್ತೀನಿ, ಆ ಪುಸ್ತಕ ಕೊಡ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೇ. ಪುಸ್ತಕ ಕೊಟ್ಟೆ. ಹದಿನೈದು ದಿನಕ್ಕೆ ವಾಪಸು ತರಬೇಕೆಂದು ಎಲ್ಲರಿಗೂ ಹೇಳುವ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.