ನೊಗ್ಲಿ ಬುಟ್ಟಿಯ ಬೋರ್ಡು

ಅಂಕೋಲೆಯ ಮೀನುಪೇಟೆಯಲ್ಲಿ ಮಾರುವವಳ ಬಾಯಿಮಾತನ್ನು ಯಾರೂ ನಂಬುವುದಿಲ್ಲ. ನನ್ನ ಹೆತ್ತ ಆಯಿ ಅಲ್ಲಿ ಕೂತು, ಈಗಷ್ಟೇ ದೋಣಿಯಿಂದ ಇಳಿದದ್ದು ಎಂದು ಆಣೆ ಇಡುತ್ತಲೇ ನನ್ನನ್ನು ಸಾಕಿದವಳು. ಕೊಳ್ಳುವವರು ನಕ್ಕು, ಮೀನಿನ ಕಿವಿರು ಎತ್ತಿ, ಕೆಂಪು ಕಂಡರೆ ಮಾತ್ರ ಚೀಲ ಬಿಚ್ಚುತ್ತಾರೆ. ಆಯಿ ಸುಳ್ಳು ಹೇಳುತ್ತಾಳೆಂದು ಅವರಿಗೆ ಗೊತ್ತು; ಅವರಿಗೆ ಗೊತ್ತೆಂದು ಆಯಿಗೂ ಗೊತ್ತು. ಅದರಿಂದ ಯಾರ ಮನೆಯೂ ಹಾಳಾಗಿರಲಿಲ್ಲ.

ಈ ಮಳೆಗಾಲ, ಟ್ರಾಲರುಗಳು ಕಡಲಿಗಿಳಿಯದಂತೆ ಸರ್ಕಾರ ತಡೆ ಹಾಕಿ, ಸಣ್ಣ ನಾಡದೋಣಿಗಳಷ್ಟೇ ಇಳಿಯುತ್ತಿದ್ದ ದಿನಗಳಲ್ಲಿ, ಪೇಟೆಗೊಂದು ಹೊಸ ನಿಯಮ ಬಂತು. ಪ್ರತಿ ಬುಟ್ಟಿಯ ಮುಂದೆ ಬೋರ್ಡು ಇಡಬೇಕು: ಯಾವ ಮೀನು, ಎಲ್ಲಿಯದು, ಐಸಿನದೋ ತಾಜಾವೋ. ಆಯಿಗೆ ಅಕ್ಷರ ಬಾರದು. ಕಾರವಾರದಿಂದ ರಜೆಗೆ ಬಂದಿದ್ದ ನಾನು ಸ್ಕೆಚ್ ಪೆನ್ನು ಹಿಡಿದೆ. ನನ್ನ ಅಕ್ಷರ ದುಂಡಗಿದೆಯೆಂಬ ಜಂಬ ಬೇರೆ. ಬುಟ್ಟಿಯಲ್ಲಿದ್ದದ್ದು ಹೊರರಾಜ್ಯದಿಂದ ಲಾರಿಯಲ್ಲಿ ಬಂದ ಐಸಿನ ನೊಗ್ಲಿ. ಆಯಿ ಎಂದಿನ ಮಾತನ್ನೇ ಹೇಳಿದಳು, ನಾನು ಹಾಗೆಯೇ ಬರೆದೆ: 'ನೊಗ್ಲಿ. ಬೇಲೆಕೇರಿ ನಾಡದೋಣಿಯದು. ತಾಜಾ.' ಕೆಳಗೆ ಗೆರೆಯನ್ನೂ ಎಳೆದೆ.

ಅಗಸೂರಿನ ಗದ್ದೆಮನೆಯ ಹೆಂಗಸೊಬ್ಬರು ಆಯಿಯ ಹಳೇ ಗಿರಾಕಿ. ಅವರ ಮಗಳು ಹೆತ್ತು ಮಲಗಿದ್ದಳು. ನೊಗ್ಲಿ ಮೆತ್ತಗಿನ ಮೀನು. ನಮ್ಮ ಕಡೆ ಬಾಣಂತಿಯ ಸಾರಿಗೆ ಅದೇ ಆಗಬೇಕು, ಅದೂ ತಾಜಾ. ತಿರುವಿ ಮುರುವಿ ನೋಡದೆ ಒಂದು ಸಿಗಡಿಯನ್ನೂ ಕೊಂಡವರಲ್ಲ ಅವರು. ಆವತ್ತು ಬೋರ್ಡನ್ನು ತುಟಿ ಆಡಿಸುತ್ತ ಓದಿದರು, ಮೀನನ್ನು ಮುಟ್ಟಲೇ ಇಲ್ಲ. ಚೀಲ ಚಾಚಿದರು.

ಆಯಿಯ ಕೈ ಬುಟ್ಟಿಯಲ್ಲೇ ನಿಂತಿತು. ಒಮ್ಮೆ ನೋಡಿ ತಗೊಳ್ಳಿ ಎಂದಳು. ಬರೆದೇ ಇಟ್ಟಿದ್ದೀರಲ್ಲ, ಇನ್ನೇನು ನೋಡುವುದು ಎಂದರು ಅವರು. ನಾನು ಬಾಯಿ ಬಿಡಬೇಕಿತ್ತು, ಸ್ಕೆಚ್ ಪೆನ್ನಿನ ಮುಚ್ಚಳ ತಿರುವುತ್ತ ಕೂತೆ. ಕೊನೆಗೆ ಆಯಿಯೇ ತಲೆ ತಗ್ಗಿಸಿ ಹೇಳಿದಳು.

"ಬ್ಯಾಡ ಅಕ್ಕಾ. ಇದು ಐಸಿಂದು. ಬಾಣಂತಿಗೆ ಆಗೂದಿಲ್ಲ."

ಪಕ್ಕದ ಬುಟ್ಟಿಯವರೆಲ್ಲ ಕೇಳಿಸಿಕೊಂಡರು. ಆಯಿಗೆ ಈಗ ಬೈಗುಳ ಖಂಡಿತ ಎಂದುಕೊಂಡೆ. ಆದರೆ ಅಗಸೂರಿನವರು ತಿರುಗಿದ್ದು ನನ್ನ ಕಡೆ.

"ಬರ್ದದ್ದು ನೀನೇ ಏನೇ ತಂಗಿ?"

ಹೌದೆಂದೆ.

"ನಿನ್ನ ಆಯಿ ಹೇಳೂದು ಯಾಪಾರ. ನೀ ಬರೀಬಾರ್ದಾಗಿತ್ತು."

ಖಾಲಿ ಚೀಲ ಮಡಚಿಕೊಂಡು ಬಸ್ಸಿನ ಕಡೆ ನಡೆದರು. ಆಯಿ ಬೋರ್ಡನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.