ಓದುತ್ತಿರುವ ಆ ಒಬ್ಬರು

ನಳಕ್ಕೆ ನೀರು ಬಂದ ಸದ್ದಾದ ಕೂಡಲೇ ಎದ್ದು ಕೊಡ, ಬ್ಯಾರಲ್ಲು ತುಂಬಿಸುವುದು. ಅಂಗಳ ಗುಡಿಸಿ ಸಗಣಿನೀರಿನ ಥಳಿ ಹೊಡೆದು ರಂಗೋಲಿ ಎಳೆಯುವುದು. ಎಮ್ಮೆಗಳ ಹೆಂಡಿ ಬಳಿದು ತಿಪ್ಪೆಗೆ ಹಾಕುವುದು, ಹಾಲು ಹಿಂಡುವುದು, ಡೇರಿಗೆ ಕೊಟ್ಟು ಬರುವುದು. ಮಾವನಿಗೆ ಸಕ್ಕರೆ ಇಲ್ಲದ ಚಹಾ, ಅತ್ತೆಗೆ ಸಕ್ಕರೆ ಮುಂದಾದ ಚಹಾ. ಒಲೆಗೆ ಹಂಚಿಟ್ಟು ಮನೆಮಂದಿಗೆಲ್ಲ ಸಾಲುವಷ್ಟು ಜೋಳದ ರೊಟ್ಟಿ ಬಡಿಯುವುದು, ಒಂದು ಪಲ್ಯ, ಒಂದು ಬೇಳೆ, ಹೊಲಕ್ಕೆ ಹೋಗುವವರ ಬುತ್ತಿ. ಇಷ್ಟೂ ಬೆಳಕು ಹರಿಯುವುದರೊಳಗೆ.

ಯರಗುಪ್ಪಿಯ ಮೈಲಾರವ್ವನ ಹಿರಿಯ ಸೊಸೆ ಸುಧಾರಾಣಿ ಮದುವೆಯಾಗಿ ಬಂದಾಗಿನಿಂದ ಈ ಕೆಲಸಗಳನ್ನು ಮಾಡಿಕೊಂಡು ಬಂದವಳು. ಪಿಎಚ್.ಡಿ.ಗೆ ಹೆಸರು ಹಚ್ಚಿದ ಮೇಲೆ ಅವು ಒಂದೊಂದಾಗಿ ಅವಳ ಕೈಬಿಟ್ಟವು. ಕೈಬಿಟ್ಟ ಕೆಲಸ ನೆಲಕ್ಕೆ ಬೀಳಲಿಲ್ಲ, ಕಿರಿಯ ಸೊಸೆ ಸೀಮಾಳ ಕೈಗೆ ಹೋಯಿತು. ಸುಧಾರಾಣಿಯ ಪಾಲಿಗೆ ಉಳಿದದ್ದು ಮಾವನ ಚಹಾ ಒಂದೇ. ಅದನ್ನೂ ಅವಳು ಲ್ಯಾಪ್‌ಟಾಪು ತೆರೆದುಕೊಳ್ಳುವ ಹೊತ್ತಿನಲ್ಲಿ ಮಾಡಿ ಮುಗಿಸುತ್ತಾಳೆ.

ಅವಳು ಸಂಶೋಧನೆಗೆ ಆರಿಸಿಕೊಂಡ ವಿಷಯ, ಎರೆಭೂಮಿಯ ಹಳ್ಳಿಗಳಲ್ಲಿ ಹೆಂಗಸರು ಕೂಲಿಯಿಲ್ಲದೆ ಮಾಡುವ ದುಡಿಮೆ.

ಸುಧಾರಾಣಿಯ ತವರು ದುಮ್ಮವಾಡ. ಅಪ್ಪ ಕುರಿ ಸಾಕಿದವನು. ಆ ಮನೆಯಲ್ಲಿ ಎಂ.ಎ. ಮಾಡಿದ ಮೊದಲ ಹೆಣ್ಣು ಇವಳು. ಈಗ ಕುಂದಗೋಳದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಸುತ್ತಲಿನ ಹಳ್ಳಿಗಳಲ್ಲಿ ತಿರುಗಿ ಹೆಂಗಸರನ್ನು ಮಾತಾಡಿಸಿ ಮೊಬೈಲಿನಲ್ಲಿ ದಾಖಲಿಸಿಕೊಂಡು ಬಂದಿದ್ದಳು. ಆ ಮಾತುಗಳನ್ನು ಟೈಪು ಮಾಡಿ, ಕಾಗದದ ಮೇಲೆ ಮುದ್ರಿಸಿ, ಬಣ್ಣದ ಪೆನ್ನಿನಿಂದ ಗೆರೆ ಎಳೆದು ಧಾರವಾಡಕ್ಕೆ ಒಯ್ದಾಗ ಮಾರ್ಗದರ್ಶಕಿ ಮೇಡಂ ನೋಡಿ ನಕ್ಕರು.

“ಈ ಬಣ್ಣಾ ಹಚ್ಚೂದು ಸಾಕ್ರಿ ಸುಧಾರಾಣಿ. ಇದಕ್ಕಂತ ಸಾಫ್ಟ್‌ವೇರ್ ಬಂದಾವು. ಕಲೀರಿ.”

ಸಂದರ್ಶನಗಳನ್ನು ತುಂಬಿದರೆ ಸಾಫ್ಟ್‌ವೇರು ತಾನೇ ಓದಿ ಅರ್ಥ ಹೇಳುತ್ತದೆ ಎಂದುಕೊಂಡಿದ್ದಳು. ಹಾಗಲ್ಲ ಎಂಬುದು ಬೇಗ ತಿಳಿಯಿತು. ಓದುವುದು ಇವಳೇ. ಒಂದು ಮಾತನ್ನು ಗುರುತಿಸಿ ಅದಕ್ಕೊಂದು ಹೆಸರು ಅಂಟಿಸಬೇಕು, ಆ ಹೆಸರಿಗೆ ಕೋಡ್ ಎನ್ನುತ್ತಾರೆ. ಆಮೇಲೆ ಕೇಳಿದಾಗ ಸಾಫ್ಟ್‌ವೇರು ಒಂದೇ ಕೋಡಿನ ಮಾತುಗಳನ್ನೆಲ್ಲ ಒಂದೆಡೆ ತಂದು ನಿಲ್ಲಿಸುತ್ತದೆ. ಅಪ್ಪ ಕುರಿಗಳ ಕಿವಿಗೆ ಗುರುತು ಹಾಕುತ್ತಿದ್ದದ್ದು ಅವಳಿಗೆ ನೆನಪಾಯಿತು. ಯಾರ ಹಿಂಡಿನಲ್ಲಿ ಬೆರೆತರೂ ಗುರುತು ನೋಡಿ ಬೇರೆ ಮಾಡಬಹುದಿತ್ತು.

ಮೊದಲ ಪೆಟ್ಟು ಬಿದ್ದದ್ದು ಅಕ್ಷರದಲ್ಲಿ. ಅವಳು ಸಂದರ್ಶನಗಳನ್ನೆಲ್ಲ ಕಾಲೇಜಿನ ಕಂಪ್ಯೂಟರಿನಲ್ಲಿದ್ದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದಳು. ಹೊಸ ಸಾಫ್ಟ್‌ವೇರಿಗೆ ಬೇಕಾದದ್ದು ಯೂನಿಕೋಡ್. ಫೈಲು ತೆರೆದರೆ ಅಷ್ಟು ಹೆಂಗಸರ ಮಾತೂ ಇಂಗ್ಲಿಷ್ ಅಕ್ಷರ, ಸೊನ್ನೆ, ಚುಕ್ಕಿಗಳ ರಾಡಿಯಾಗಿ ಕಂಡಿತು. ಪರಿವರ್ತಿಸಿದರೆ ಒತ್ತಕ್ಷರಗಳೆಲ್ಲ ಮುರಿದು ಬಂದವು. ಒಂದೊಂದೇ ಸಾಲು ತಿದ್ದುತ್ತ ಕುಳಿತಳು. ಯುಗಾದಿಗೆ ಮುಗಿಯಬೇಕಾದ ಕೆಲಸ ದಸರೆಗೆ ಹೋಯಿತು. ಅಷ್ಟು ದಿನವೂ ಎಮ್ಮೆಗಳ ಹೆಂಡಿ ಬಳಿದವಳು ಸೀಮಾ. ತಪ್ಪು ಯಾರದು, ಅದರ ದಂಡ ತೆತ್ತವರು ಯಾರು ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮತ್ತೆ ಕೇಳಿ ತಿದ್ದುವ ಹೊತ್ತಿಗೆ ಕೆಲವು ರೆಕಾರ್ಡಿಂಗುಗಳು ಸರಿಯಾಗಿ ಕೇಳಿಸದೆ ಬಿಟ್ಟುಹೋದವು. ಅವನ್ನು ಕೈಬಿಟ್ಟ ಮೇಲೆ ಲೆಕ್ಕಕ್ಕೆ ಒಂದು ಸಂದರ್ಶನ ಕಡಿಮೆ ಬಿತ್ತು. ಮತ್ತೆ ಹಳ್ಳಿ ತಿರುಗಲು ಬೇಸರವಾಗಿ ಸುಧಾರಾಣಿ ಮನೆಯಲ್ಲೇ ಒಲೆಯ ಮುಂದೆ ಮೊಬೈಲು ಇಟ್ಟುಕೊಂಡು ಸೀಮಾಳ ಎದುರು ಕುಳಿತಳು. ಸೀಮಾ ರೊಟ್ಟಿ ಬಡಿಯುತ್ತಲೇ ಮಾತಾಡಿದಳು.

“ಹೆಸರು ಹೇಳ್ಬೇಕೇನ್ರಿ ಮೇಡಂ?”

“ಆಟಾ ಆಡಬ್ಯಾಡ ಬೇ. ಸುಮ್ಮನ ಹೇಳು.”

“ಆಟಾ ಎಲ್ಲೀದ್ರಿ? ದೊಡ್ಡ ಮಂದಿ ಬಂದ್ ಕುಂತೀರಿ, ಚಹಾ ಸೈತ ಕೊಟ್ಟಿಲ್ಲ ನಿಮಗ.”

ಸುಧಾರಾಣಿ ನಗುತ್ತ ಪ್ರಶ್ನೆ ಕೇಳಿದಳು. “ನಿಮಗ ಏನಾರ ಮಾಡಬೇಕಂತ ಇದ್ದು, ಆಗಲಾರದ್ದು ಐತೇನ್ರಿ?”

ಬಡಿಯುವ ಸದ್ದು ನಿಂತಿತು.

“ಬಿ.ಎ.ದಾಗ ಎರಡು ಪೇಪರ್ ಉಳದಾವ್ರಿ. ಬರೀಬೇಕಂತ ಐತಿ. ಆದ್ರ ನಮ್ಮ ಮನ್ಯಾಗ ಒಬ್ಬರು ಓದಾಕತ್ತಾರ. ಇಬ್ಬರೂ ಓದಾಕ ಕುಂತ್ರ ರೊಟ್ಟಿ ಬಡಿಯೋರು ಯಾರ್ರಿ? ಮೊದಲ ಅವರದು ಮುಗೀಲಿ ಅಂದಾರ ನಮ್ಮ ಅತ್ತಿ.”

ಸದ್ದು ಮತ್ತೆ ಶುರುವಾಯಿತು. ಸುಧಾರಾಣಿ ಮುಂದಿನ ಪ್ರಶ್ನೆ ಕೇಳಿದಳು. ನಿಮ್ಮ ಮನೆಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು ಆ ಪ್ರಶ್ನೆ.

ಆ ಮಾತು ಕೋಡು ಮಾಡುವಾಗ ಅವಳಿಗೆ ಮೊದಲು ಆದದ್ದು ನಾಚಿಕೆಯಲ್ಲ, ಖುಷಿ. ಇಷ್ಟು ದಿನದಲ್ಲಿ ಇಂಥ ಮಾತು ಒಂದೂ ಸಿಕ್ಕಿರಲಿಲ್ಲ. ‘ಬೇರೊಬ್ಬರ ಓದಿಗಾಗಿ ಬಿಟ್ಟ ಓದು’ ಎಂದು ಹೆಸರು ಅಂಟಿಸಿದಳು.

ಧಾರವಾಡದಲ್ಲಿ, ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಗೋಡೆಯ ಮೇಲೆ, ಪ್ರೊಜೆಕ್ಟರಿನ ಬೆಳಕಿನಲ್ಲಿ ಆ ಮಾತು ದೊಡ್ಡದಾಗಿ ಮೂಡಿತು. ಉಳಿದ ಸಂಶೋಧಕರೂ ಇದ್ದರು. ಹೆಸರುಗಳ ಬದಲು ಬರೀ ಸಂಖ್ಯೆ ಹಾಕಿದ್ದರಿಂದ ಮಾತಾಡಿದವಳು ಸೀಮಾ ಎಂದು ಯಾರಿಗೂ ಗೊತ್ತಿರಲಿಲ್ಲ. ಮೇಡಂ ಗಟ್ಟಿಯಾಗಿ ಓದಿದರು.

“ಭಾಳ ಛಲೋ ಮಾತು ಅದ ಇದು. ಓದಾಕತ್ತ ಈ ಒಬ್ಬರು ಯಾರು?”

ತಾನೇ ಎಂದು ಸುಧಾರಾಣಿ ಹೇಳಬಹುದಿತ್ತು. ಬಾಯಿಂದ ಬಂದದ್ದು ಬೇರೆ. “ಆಕಿ ಮೈದುನ ಇರಬೇಕ್ರಿ ಮೇಡಂ.”

ಹಿಂದೆ ಕುಳಿತ ಒಬ್ಬ ಸಂಶೋಧಕ, “ಮತ್ತ ಗಂಡಸರ ಮ್ಯಾಲೇ ಬಂತು ನೋಡ್ರಿ” ಎಂದ. ಎಲ್ಲರೂ ನಕ್ಕರು. ಸುಧಾರಾಣಿಯೂ ನಕ್ಕಳು.

“ಬರಲೇಬೇಕಲ್ಲ,” ಎಂದರು ಮೇಡಂ. “‘ಗಂಡಸರ ಓದಿಗೆ ಆದ್ಯತೆ’ ಅನ್ನೂ ಕೋಡಿನಾಗ ಹಾಕ್ರಿ ಇದನ್ನ. ಬರೂ ಸೆಮಿನಾರಿನೊಳಗ ಇದನ್ನ ಮುಂದಿಟ್ಟುಕೊಂಡು ಮಾತಾಡ್ರಿ.”

ಎಲ್ಲರ ಎದುರಿಗೇ ಅವಳು ಸೀಮಾಳ ಮಾತನ್ನು ಎಳೆದು ಆ ಕೋಡಿನೊಳಗೆ ಬಿಟ್ಟಳು. ಯಾವ ಕೋಡಿನಲ್ಲಿ ಎಷ್ಟು ಮಾತು ಎಂದು ತೋರಿಸುವ ಗೋಡೆಯ ಮೇಲಿನ ಚಿತ್ರದಲ್ಲಿ ಆ ಕೋಡಿನ ಕಂಬ ಒಂದಿಷ್ಟು ಎತ್ತರವಾಯಿತು. ಇಲ್ಲದ ಮೈದುನನೊಬ್ಬ ಸಂಶೋಧನೆಯೊಳಗೆ ಬಂದು ಕುಳಿತ.

ಮನೆಗೆ ಬಂದಾಗ ಸೀಮಾ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

“ಅಕ್ಕಾ, ನನ್ನ ಮಾತಿಗೆ ನಿಮ್ಮ ಮೇಡಂ ಏನಂದ್ರು?”

“ಛಲೋ ಐತಿ ಅಂದ್ರು.”

“ಯಾರು ಓದಾಕತ್ತಾರ ಅಂತ ಕೇಳಲಿಲ್ಲೇನು?”

“ಇಲ್ಲ.”

“ಪಾರಾದಿ ಹಂಗಾದ್ರ,” ಎಂದು ಸೀಮಾ ನಕ್ಕಳು. “ಇದನ್ನ ನಾಕ್ ಮಂದಿ ಮುಂದ ಹಾಕ್ತಿ ಅಂತ ಗೊತ್ತಿತ್ತು ನನಗ. ಅದಕ್ಕ ಹೆಸರು ಹಿಡೀಲಿಲ್ಲ ನಾ.”

ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಸುಧಾರಾಣಿ ಮರುಮಾತಾಡಿ ಹಗುರಾಗುತ್ತಿದ್ದಳು. ಬ್ಯಾಗು ಇಡುವ ನೆವದಲ್ಲಿ ಒಳಗೆ ಹೋದಳು.

ಸೀಮಾ ಅಷ್ಟರಲ್ಲಿ ಗೆಳತಿಯ ಕೈಯಿಂದ ಉಳಿದ ಎರಡು ಪೇಪರಿನ ಪರೀಕ್ಷೆಗೆ ಫೀ ಕಟ್ಟಿಸಿದ್ದಳು. ವೇಳಾಪಟ್ಟಿ ಬಂದಾಗ ಮೊದಲ ಪೇಪರು ಸೆಮಿನಾರಿನ ದಿನವೇ, ಶುಕ್ರವಾರ ಬಿತ್ತು. ಅದೇ ದಿನ ಹೊಲಕ್ಕೆ ಹತ್ತಿ ಬಿಡಿಸುವ ಆಳುಗಳು ಬರುವವರಿದ್ದರು. ಅವರಿಗೆ ಬುತ್ತಿ ಹೋಗಬೇಕು. ಊಟಕ್ಕೆ ಕುಳಿತಾಗ ಮೈಲಾರವ್ವ ತೀರ್ಮಾನ ಹೇಳಿದಳು.

“ಒಬ್ಬಾಕಿ ಮನ್ಯಾಗ ಇರಬೇಕು. ಸುಧಾ ಧಾರವಾಡಕ್ಕ ಹೋಗಾಕಿ. ಸೀಮಾ, ನೀ ಮುಂದಿನ ಸಲ ಬರಿ. ನಿನ್ನ ಪೇಪರ್ ಏನ್ ಓಡಿ ಹೊಕ್ಕಾವೇನು?”

ಮಾವ ಕರಿಸಿದ್ದಪ್ಪ, ಸುಧಾರಾಣಿಯ ಗಂಡ ಮಾಂತೇಶ, ಸೀಮಾಳ ಗಂಡ ಕೃಷ್ಣಾ, ಮೂವರೂ ಸಾಲಾಗಿ ಉಣ್ಣುತ್ತಿದ್ದರು. ಬುತ್ತಿಯ ಲೆಕ್ಕದಲ್ಲಿ ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. “ಆತ್ರಿ ಅತ್ತಿ,” ಎಂದು ಸೀಮಾ ಮಾವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಸೀಮಾಳಂಥ ಹಳೆಯ ಪಠ್ಯಕ್ರಮದವರಿಗೆ ಇದೇ ಕೊನೆಯ ಪರೀಕ್ಷೆ. ಮುಂದಿನ ಸಲ ಎಂಬುದು ಇರಲಿಲ್ಲ. ಕಾಲೇಜಿನ ಸೂಚನೆಯಲ್ಲಿ ಸುಧಾರಾಣಿ ಅದನ್ನು ಓದಿದ್ದಳು, ಸೀಮಾಳಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ಒಬ್ಬಳು ಹೇಳಿದರೆ ಜಗಳವಾಗುತ್ತದೆಂದು, ಇನ್ನೊಬ್ಬಳು ಹೇಳಿದರೆ ಸೆಮಿನಾರು ತಪ್ಪುತ್ತದೆಂದು.

ಮರುದಿನ ಬೆಳಿಗ್ಗೆ ಮಾಂತೇಶ ಬೈಕು ಒರೆಸುತ್ತಿದ್ದಾಗ ಸುಧಾರಾಣಿ ಹತ್ತಿರ ಹೋಗಿ, “ಶುಕ್ರವಾರ ಒಂದಿನ ಬುತ್ತಿದು ನೀವು ಅಣ್ಣಾತಮ್ಮ ನೋಡ್ಕೋರಿ,” ಎಂದಳು.

“ನಾ ರೊಟ್ಟಿ ಬಡೀಲೇನು? ಆಳಿನ ಮಂದಿ ಹತ್ತಿ ಬಿಟ್ಟು ನನ್ನ ನೋಡ್ಕೋಂತ ನಿಂದರ್ತಾರ.”

“ಖಾನಾವಳಿಂದ ತರಬಹುದಲ್ಲ?”

“ಅವ್ವನ್ನ ಕೇಳು,” ಎಂದು ಅವನು ಬೈಕು ಚಾಲೂ ಮಾಡಿದ. ಅವಳು ಅವ್ವನನ್ನು ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಕಾಲೇಜಿನಲ್ಲಿ ಉಳಿದವರೆಲ್ಲ ಪಾಠಕ್ಕೆ ಹೋಗಿದ್ದರು. ಸಿಬ್ಬಂದಿ ಕೋಣೆಯಲ್ಲಿ ಅವಳೊಬ್ಬಳೇ. ಲ್ಯಾಪ್‌ಟಾಪು ತೆರೆದು ಸೀಮಾಳ ಸಂದರ್ಶನಕ್ಕೆ ಹೋದಳು. ಮೊದಲು ಹೊಳೆದದ್ದು ಅದನ್ನು ಪೂರ್ತಿ ತೆಗೆದುಹಾಕುವ ಉಪಾಯ. ಒಂದು ಸಂದರ್ಶನ ಕಡಿಮೆಯಾದರೂ ಈಗ ಯಾರೂ ಎಣಿಸಲಿಕ್ಕಿಲ್ಲ ಎಂದುಕೊಂಡಳು. ಅಳಿಸುವ ಗುಂಡಿ ಒತ್ತಿದಳು. ಕಾಯಂ ಆಗಿ ಅಳಿಸಬೇಕೇ ಎಂದು ಸಾಫ್ಟ್‌ವೇರು ಕೇಳಿತು. ಅಳಿಸಿದರೆ ಸುಳ್ಳೂ ಹೋಗುತ್ತದೆ, ಸೀಮಾಳೂ ಹೋಗುತ್ತಾಳೆ. ಅದು ತನಗೆಷ್ಟು ಅನುಕೂಲವಾಗಿ ಕಂಡಿತೆಂಬುದನ್ನು ನೋಡಿ ಅವಳಿಗೆ ನಾಚಿಕೆಯಾಯಿತು.

ಬೇಡ ಎಂದು ಒತ್ತಿದಳು. ಆ ಮಾತನ್ನು ಗಂಡಸರ ಕೋಡಿನಿಂದ ಹೊರಗೆ ತೆಗೆದು ಹೊಸ ಕೋಡಿಗೆ ‘ಸಂಶೋಧಕಿಯ ಓದು’ ಎಂದು ಟೈಪು ಮಾಡಿದಳು. ಯಾವಳೋ ಸಂಶೋಧಕಿ, ಯಾರದೋ ಮನೆ ಎಂಬಂತೆ ಕಂಡಿತು. ಅದನ್ನು ಅಳಿಸಿ ‘ನನ್ನ ಓದು’ ಎಂದು ಬರೆದಳು. ಆದರೆ ಊಟದ ಹೊತ್ತಿನಲ್ಲಿ ತಾನು ಸುಮ್ಮನೆ ಕುಳಿತದ್ದು ಯಾವ ರೆಕಾರ್ಡಿಂಗಿನಲ್ಲೂ ಇರಲಿಲ್ಲ. ಅದಕ್ಕೆ ಕೋಡು ಹಾಕಲು ಬರುತ್ತಿರಲಿಲ್ಲ.

ಶುಕ್ರವಾರ ತಾನು ಮನೆಯಲ್ಲಿ ನಿಂತರೆ ಮಾಂತೇಶನ ದಿನ ಒಂದಿಷ್ಟೂ ಬದಲಾಗುವುದಿಲ್ಲ, ಒಬ್ಬ ಹೆಂಗಸಿನ ಹೊರೆ ಇನ್ನೊಬ್ಬ ಹೆಂಗಸಿಗೆ ಬರುತ್ತದೆ ಅಷ್ಟೇ. ಇದು ಅವಳ ಸಂಶೋಧನೆಯ ಎರಡನೆಯ ಅಧ್ಯಾಯದಲ್ಲೇ ಇತ್ತು. ಗಂಡಸರ ಜೊತೆ ಆ ಜಗಳ ಮಾಡಲೇಬೇಕಿತ್ತು. ಆದರೆ ಅದು ಮುಗಿಯುವವರೆಗೆ ಪರೀಕ್ಷೆ ಕಾಯುತ್ತಿರಲಿಲ್ಲ.

ಮೇಡಂಗೆ ಮೇಲ್ ಬರೆಯಲು ಕುಳಿತಳು. ಮನೆಯಲ್ಲಿ ತೊಂದರೆ ಇರುವುದರಿಂದ ಸೆಮಿನಾರಿಗೆ ಬರಲಾಗುವುದಿಲ್ಲ ಎಂದು ಬರೆದು, ಓದಿ, ಅಳಿಸಿದಳು. ಆಮೇಲೆ ಬರೆದದ್ದು ಇಷ್ಟು:

“ಶುಕ್ರವಾರ ನನ್ನ ನೆಗೆಣ್ಣಿಯ ಪರೀಕ್ಷೆ ಇದೆ. ಅವಳು ಬರೆಯಲು ಹೋಗಬೇಕಾದರೆ ನಾನು ಮನೆಯಲ್ಲಿರಬೇಕು. ವಿಭಾಗದಲ್ಲಿ ನೀವು ಗಟ್ಟಿಯಾಗಿ ಓದಿದ ಆ ಮಾತು ಅವಳದು. ನೀವು ಕೇಳಿದ ‘ಒಬ್ಬರು’ ನಾನೇ. ಮೈದುನ ಎಂದು ಸುಳ್ಳು ಹೇಳಿದ್ದೆ. ಆ ಮಾತನ್ನು ಬಳಸಬೇಕೋ ಬಿಡಬೇಕೋ ಅವಳನ್ನು ಕೇಳಿ ತಿಳಿಸುತ್ತೇನೆ.”

ಇನ್ನು ಮೇಲೆ ಆ ವಿಭಾಗದ ಮೆಟ್ಟಿಲು ಹತ್ತುವಾಗ ಯಾರು ಹೇಗೆ ನೋಡುತ್ತಾರೆ ಎಂದು ಊಹಿಸಿಕೊಂಡಳು. ಊಹೆ ಮುಗಿಯುವ ಮೊದಲೇ ಕಳಿಸುವ ಗುಂಡಿ ಒತ್ತಿದಳು.